ಧಾರವಾಡ ಸೀಮೆಯ ಬಾಲನಟರು

ಧಾರವಾಡ ಜಿಲ್ಲೆಯ ಹಳ್ಳಿಗಳಿಂದ ಬಣ್ಣ ಹಚ್ಚಿಕೊಂಡು ರಂಗಕ್ಕೆ, ಮುಂದೆ ಚಲನಚಿತ್ರಕ್ಕೆ, ಕಿರುತೆರೆಗೆ ಬಂದ ಮಕ್ಕಳ ಪರಂಪರೆಗೆ ಒಂದು ಶತಮಾನಕ್ಕೂ ಮಿಕ್ಕ ವಯಸ್ಸಾಗಿದೆ. ಮೊದಲ ತಲೆಮಾರಿನವರು ವೃತ್ತಿ ನಾಟಕ ಕಂಪನಿಗಳ ಹಾಡುವ ಹುಡುಗರು. ಅವರಲ್ಲಿ ಕೆಲವರು ಹಿಂದುಸ್ತಾನಿ ಸಂಗೀತದ ದೊಡ್ಡ ಹೆಸರುಗಳಾದರು. ಆ ಕೀರ್ತಿಯ ಬೆಳಕಿನಲ್ಲಿ ಅವರ ಬಾಲ್ಯದ ರಂಗಜೀವನ ಜೀವನಚರಿತ್ರೆಗಳ ಮೊದಲ ಪುಟಕ್ಕೆ ಸರಿಯಿತು. ಇತ್ತೀಚಿನ ತಲೆಮಾರು ಮಕ್ಕಳ ಚಿತ್ರಗಳದ್ದು, ದೂರದರ್ಶನ ಮತ್ತು ಖಾಸಗಿ ವಾಹಿನಿಗಳದ್ದು. ಈ ಎರಡು ತುದಿಗಳ ನಡುವೆ ಬಾಲನಟನಿಗೆ ಸಿಗುವ ಪಾತ್ರದ ಸ್ವರೂಪವೇ ಬದಲಾಗಿದೆ. ಬಹುಕಾಲ ಮಗುವಿನ ಕೆಲಸ ಪ್ರೇಕ್ಷಕರ ಕಣ್ಣಲ್ಲಿ ನೀರು ತರಿಸುವುದಾಗಿತ್ತು. ನಗಿಸುವುದು ದೊಡ್ಡವರ ಹಕ್ಕಾಗಿತ್ತು. ಮಗುವೇ ನಗೆಯ ಒಡೆಯನಾಗಲು ಅದು ತನ್ನ ಮನೆಯ, ತನ್ನ ಓಣಿಯ ಮಾತನ್ನು ಆಡಬೇಕಾಯಿತು. ಆ ಅವಕಾಶ ಈ ಸೀಮೆಯ ಮಕ್ಕಳಿಗೆ ತಡವಾಗಿ ಬಂತು.

ವೃತ್ತಿ ಕಂಪನಿಗಳಿಗೂ ಮೊದಲು ಇಲ್ಲಿನ ಊರುಗಳಲ್ಲಿ ದೊಡ್ಡಾಟ, ಸಣ್ಣಾಟಗಳಿದ್ದವು. ಸುಗ್ಗಿ ಮುಗಿದ ಮೇಲೆ, ಜಾತ್ರೆಯ ಹೊತ್ತಿಗೆ, ಊರ ಬಯಲಿನಲ್ಲಿ ಅಟ್ಟ ಕಟ್ಟಿ ರಾತ್ರಿಯೆಲ್ಲ ಆಡುವ ಆಟಗಳಿವು. ದೊಡ್ಡಾಟದಲ್ಲಿ ರಾಜರು, ರಾಕ್ಷಸರು ಗ್ರಾಂಥಿಕ ಭಾಷೆಯಲ್ಲಿ ಅಬ್ಬರಿಸುತ್ತಾರೆ. ಅವರ ನಡುವೆ ನಿಂತು ಊರ ಮಾತಿನಲ್ಲಿ ಪ್ರಶ್ನೆ ಕೇಳುವವನು, ಕಥೆಯನ್ನು ಮುಂದೊತ್ತುವವನು, ಜನರನ್ನು ನಗಿಸುವವನು ಸಾರಥಿ. ಅವನು ನುರಿತ ಕಲಾವಿದನೇ ಆಗಿರಬೇಕು, ಏಕೆಂದರೆ ಅವನ ಮಾತಿನ ಬಹುಪಾಲು ಆ ಕ್ಷಣದಲ್ಲಿ ಹುಟ್ಟುವಂಥದ್ದು. ಹುಡುಗರಿಗೆ ದಕ್ಕುತ್ತಿದ್ದುದು ಕಂಠಪಾಠ ಮಾಡಿ ಒಪ್ಪಿಸುವ ಚಿಕ್ಕ ಪಾತ್ರಗಳು, ಇಲ್ಲವೆ ಸಖಿಯರ ವೇಷ. ಊರಮಾತಿನ ನಗೆ ಒಬ್ಬನ ಪಾಲು, ಬಾಯಿಪಾಠದ ಭಕ್ತಿ ಇನ್ನೊಬ್ಬನ ಪಾಲು. ಈ ಹಂಚಿಕೆ ಮುಂದೆ ಕಂಪನಿ ನಾಟಕಕ್ಕೂ ನಡೆದುಬಂತು.

ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಹುಬ್ಬಳ್ಳಿ, ಗದಗ, ಧಾರವಾಡಗಳು ನಾಟಕ ಕಂಪನಿಗಳ ಬೀಡಾಗಿದ್ದವು. ಗದುಗಿನಲ್ಲಿ ಗರುಡ ಸದಾಶಿವರಾಯರ ದತ್ತಾತ್ರೇಯ ನಾಟಕ ಮಂಡಳಿ, ಹುಬ್ಬಳ್ಳಿ ಕಡೆ ವಾಮನರಾವ್ ಮಾಸ್ತರರ ಕಂಪನಿ, ಶಿರಹಟ್ಟಿ ವೆಂಕೋಬರಾಯರ ಕಂಪನಿ ಊರಿಂದೂರಿಗೆ ಕ್ಯಾಂಪು ಹೂಡುತ್ತಿದ್ದವು. (ಗದಗ, ಹಾವೇರಿ 1997ರವರೆಗೆ ಧಾರವಾಡ ಜಿಲ್ಲೆಯ ಭಾಗಗಳೇ ಆಗಿದ್ದವು, ಈ ಸೀಮೆಯ ರಂಗ ಇತಿಹಾಸವನ್ನು ಇಂದಿನ ಜಿಲ್ಲಾ ಗಡಿಯೊಳಗೆ ಕತ್ತರಿಸಿ ನೋಡಲಾಗದು.) ಪರದೆ, ಪೆಟ್ಟಿಗೆ, ಹಾರ್ಮೋನಿಯಂ ಹೊತ್ತ ಮಂದಿಗೆ ರೈಲು ದೊಡ್ಡ ಅನುಕೂಲ. ಕುಂದಗೋಳ, ಸಂಶಿ, ಗುಡಗೇರಿ ಹುಬ್ಬಳ್ಳಿಯಿಂದ ಹರಿಹರದ ಕಡೆಗೆ ಹೋಗುವ ದಾರಿಯ ನಿಲ್ದಾಣಗಳು. ಅಣ್ಣಿಗೇರಿ ಗದಗ ಮಾರ್ಗದಲ್ಲಿದೆ. ನವಲಗುಂದಕ್ಕೂ ಕಲಘಟಗಿಗೂ ರೈಲಿಲ್ಲ. ಕುಂದಗೋಳ ಸೀಮೆಯಿಂದ ಹಲವು ಮಂದಿ ಕಲಾವಿದರು ಹೊರಟದ್ದಕ್ಕೆ ಈ ಕಬ್ಬಿಣದ ದಾರಿಯೂ ಒಂದು ಕಾರಣವಿರಬೇಕು.

ಇನ್ನೊಂದು ಕಾರಣ ರಾಜಕೀಯ ಚರಿತ್ರೆಯಲ್ಲಿದೆ. ಸ್ವಾತಂತ್ರ್ಯಕ್ಕೆ ಮುಂಚೆ ಕುಂದಗೋಳ ಬ್ರಿಟಿಷ್ ಆಡಳಿತದ ಧಾರವಾಡ ಜಿಲ್ಲೆಗೆ ಸೇರಿರಲಿಲ್ಲ. ಅದು ಜಮಖಂಡಿ ಸಂಸ್ಥಾನದ ಊರು. ಪಟವರ್ಧನ ಮನೆತನದ ಆಳ್ವಿಕೆಯಿಂದಾಗಿ ಮರಾಠಿ ರಂಗಭೂಮಿಯೊಂದಿಗೆ ಹತ್ತಿರದ ನಂಟಿತ್ತು. 1886ರಲ್ಲಿ ಕುಂದಗೋಳದಲ್ಲಿ ಹುಟ್ಟಿದ ರಾಮಚಂದ್ರ ಗಣೇಶ ಕುಂದಗೋಳಕರ, ಅಂದರೆ ಸವಾಯಿ ಗಂಧರ್ವರು, ಅಬ್ದುಲ್ ಕರೀಂ ಖಾನರ ಶಿಷ್ಯರಾಗಿ ಮರಾಠಿ ಸಂಗೀತ ನಾಟಕಗಳಲ್ಲಿ ಸ್ತ್ರೀಪಾತ್ರ ಮಾಡಿ ಹೆಸರಾದರು. ರಂಗಕ್ಕೆ ಬರುವ ಹೊತ್ತಿಗೆ ಅವರು ಬಾಲಕರಾಗಿರಲಿಲ್ಲ. ಆದರೆ ಹಳ್ಳಿಯ ಹುಡುಗನೊಬ್ಬ ನಾಟಕದಲ್ಲಿ ಹಾಡಿ ಬದುಕು ಕಟ್ಟಿಕೊಳ್ಳಬಹುದು ಎಂಬ ಮಾದರಿಯನ್ನು ಸುತ್ತಲಿನ ಮನೆಗಳಿಗೆ ತೋರಿಸಿಕೊಟ್ಟವರಲ್ಲಿ ಅವರು ಮೊದಲಿಗರು.

ಈ ಮಾದರಿಯ ಅತಿ ಸ್ಪಷ್ಟ ಉದಾಹರಣೆ ಮಲ್ಲಿಕಾರ್ಜುನ ಮನ್ಸೂರರು. ಧಾರವಾಡದಿಂದ ಐದಾರು ಕಿಲೋಮೀಟರ್ ದೂರದ ಮನ್ಸೂರಿನಲ್ಲಿ 1910ರ ಡಿಸೆಂಬರ್ 31ರಂದು ಹುಟ್ಟಿದರು. ತಂದೆ ಭೀಮರಾಯಪ್ಪ ಊರಿನ ಗೌಡರು, ಒಕ್ಕಲುತನದವರು, ಸಂಗೀತಪ್ರಿಯರು. ಹಿರಿಯಣ್ಣ ಬಸವರಾಜ ಆಗಲೇ ನಾಟಕ ಸೇರಿದ್ದರು. ಮಲ್ಲಿಕಾರ್ಜುನ ಒಂಬತ್ತರ ವಯಸ್ಸಿಗೆ ಸಣ್ಣ ಪಾತ್ರವೊಂದರಲ್ಲಿ ರಂಗವೇರಿದರು, ಆಮೇಲೆ ತಿರುಗಾಟದ ಮಂಡಳಿಯ ಪಾಲಾದರು. ಅವರ ಎಳೆಯ ಕಂಠಕ್ಕೆ ಮಾಲೀಕರು ಮರುಳಾಗಿ ಹಾಡಿನ ಮೇಲೆ ಹಾಡು ಹಾಡಿಸಿದರು. ಅಪ್ಪಯ್ಯಸ್ವಾಮಿಗಳಿಂದ ಕರ್ನಾಟಕ ಸಂಗೀತದ ಪಾಠವಾಯಿತು. ಬಳಿಕ ಮೀರಜಿನ ನೀಲಕಂಠಬುವಾ ಆಲೂರಮಠರು ಅವರನ್ನು ಹಿಂದುಸ್ತಾನಿ ಸಂಗೀತಕ್ಕೆ ಕರೆದೊಯ್ದರು. ತಮ್ಮ ಆತ್ಮಕಥೆ ‘ನನ್ನ ರಸಯಾತ್ರೆ’ಯಲ್ಲಿ ಈ ಕಂಪನಿಯ ದಿನಗಳನ್ನೂ ಅವರು ನೆನೆದಿದ್ದಾರೆ. ಬಾಲನಟನೊಬ್ಬನ ಒಳಬದುಕನ್ನು ತಿಳಿಯಬಯಸುವವರು ಆ ಪುಸ್ತಕವನ್ನು ಸಂಗೀತದ ಪುಸ್ತಕವೆಂದಷ್ಟೇ ಓದಬಾರದು.

ಕುಂದಗೋಳ ತಾಲೂಕಿನ ಯಲಿವಾಳದ ಬಸವರಾಜ ರಾಜಗುರು ಅವರದೂ ಇದೇ ದಾರಿ. ತಂದೆ ಕರ್ನಾಟಕ ಸಂಗೀತ ಬಲ್ಲವರು. ಏಳನೆಯ ವಯಸ್ಸಿಗೇ ಮಗನಿಗೆ ಪಾಠ ಆರಂಭಿಸಿದರು. ಹಾಡುವ ಹುಚ್ಚಿದ್ದ ಹುಡುಗನನ್ನು ವಾಮನರಾವ್ ಮಾಸ್ತರರು ತಮ್ಮ ಕಂಪನಿಯ ಜೊತೆ ಕರೆದುಕೊಂಡು ಹೋಗಿ ನಾಟಕಗಳಲ್ಲಿ ಆಗಾಗ ಹಾಡಿಸಿದರು. ಹದಿಮೂರರಲ್ಲಿ ತಂದೆಯನ್ನು ಕಳೆದುಕೊಂಡ ಮೇಲೆ ಹುಬ್ಬಳ್ಳಿಯ ಮೂರುಸಾವಿರ ಮಠದ ಸಂಸ್ಕೃತ ಪಾಠಶಾಲೆ ಸೇರಿದರು. ಪಂಚಾಕ್ಷರಿ ಗವಾಯಿಗಳ ಕಿವಿಗೆ ಆ ಕಂಠ ಬಿದ್ದದ್ದು ಆ ಕಾಲದಲ್ಲಿ. ಗವಾಯಿಗಳು ತಾವೇ ನಾಟಕ ಕಂಪನಿ ಕಟ್ಟಿ, ಕುರುಡ ಮಕ್ಕಳಿಗೂ ಅನಾಥ ಮಕ್ಕಳಿಗೂ ಸಂಗೀತ ಮತ್ತು ಅಭಿನಯದ ಮೂಲಕ ಅನ್ನದ ದಾರಿ ತೋರಿಸಿದವರು. ಅವರ ಗದುಗಿನ ವೀರೇಶ್ವರ ಪುಣ್ಯಾಶ್ರಮದ ದೊಡ್ಡತನ ಇರುವುದು ಇಲ್ಲಿ: ಅಲ್ಲಿ ಮಗು ಮೊದಲು ವಿದ್ಯಾರ್ಥಿ, ಆಮೇಲೆ ನಟ. ಉಳಿದ ಕಂಪನಿಗಳಲ್ಲಿ ಹೆಚ್ಚಾಗಿ ಇದು ತಿರುವುಮುರುವಾಗಿತ್ತು.

ಕಂಪನಿಯ ಹುಡುಗನ ದಿನಚರಿ ಕಠಿಣವಾದದ್ದು. ಬೆಳಿಗ್ಗೆ ತಾಲೀಮು, ಪೇಟಿ ಮಾಸ್ತರರ ಎದುರು ರಾಗಾಲಾಪ, ಮಧ್ಯಾಹ್ನ ಮಾತಿನ ಒಪ್ಪಿಸುವಿಕೆ, ರಾತ್ರಿ ಬೆಳಗಾಗುವವರೆಗೆ ಆಟ. ಪರದೆಯ ಪಕ್ಕದಲ್ಲಿ ಪ್ರಾಂಪ್ಟರ್ ಇದ್ದರೂ ಒಂದಕ್ಷರ ತಪ್ಪಿದರೆ ಪೆಟ್ಟು ತಪ್ಪುತ್ತಿರಲಿಲ್ಲ. ಊಟ, ಬಟ್ಟೆ ಕಂಪನಿಯದು. ಸಂಬಳವೆಂದು ಏನಾದರೂ ಇದ್ದರೆ ಅದು ಊರಿಗೆ, ಅಪ್ಪನ ಕೈಗೆ. ಶಾಲೆ ಅರ್ಧಕ್ಕೇ ನಿಲ್ಲುತ್ತಿತ್ತು. ಹುಡುಗಿಯರು ರಂಗಕ್ಕೆ ಬರದ ಕಾಲದಲ್ಲಿ ಎಳೆಯ ದನಿಯ ಹುಡುಗರೇ ರಾಜಕುಮಾರಿಯರೂ ಆಗಬೇಕಾಗಿತ್ತು. ದನಿ ಒಡೆಯುವ ವಯಸ್ಸು ಬಂದಾಗ ಅವರ ಬಾಳಿನ ಮೊದಲ ಸಂಕಟ ಎದುರಾಗುತ್ತಿತ್ತು. ನಿನ್ನೆಯವರೆಗೆ ‘ಒನ್ಸ್ ಮೋರ್’ ಕೂಗಿಸಿಕೊಂಡ ಬಾಲಕ ಇಂದು ಪರದೆ ಎಳೆಯುವ ಕೆಲಸಕ್ಕೆ ನಿಲ್ಲಬೇಕಾಗುತ್ತಿತ್ತು. ಮನ್ಸೂರ, ರಾಜಗುರು ಅವರಂತೆ ಗುರು ಸಿಕ್ಕಿ ದಡ ಸೇರಿದವರ ಹೆಸರು ನಮಗೆ ಗೊತ್ತು. ಹಾಗೆ ಗುರು ಸಿಗದೆ ಉಳಿದ ಎಷ್ಟೋ ಹುಡುಗರ ಹೆಸರು ಯಾವ ಹ್ಯಾಂಡ್‌ಬಿಲ್ಲಿನಲ್ಲೂ ಉಳಿದಿಲ್ಲ ಎಂಬುದು ಈ ಚರಿತ್ರೆಯ ನೋವಿನ ಭಾಗ.

ಆ ಹುಡುಗರಿಗೆ ಸಿಗುತ್ತಿದ್ದ ಪಾತ್ರಗಳು ಯಾವುವು? ಪ್ರಹ್ಲಾದ, ಧ್ರುವ, ಮಾರ್ಕಂಡೇಯ, ಲೋಹಿತಾಶ್ವ, ಲವ-ಕುಶ, ಸಿರಿಯಾಳನ ಮಗ ಚಿಲ್ಲಾಳ. ಒಬ್ಬನನ್ನು ಬೆಟ್ಟದಿಂದ ಉರುಳಿಸುತ್ತಾರೆ, ಒಬ್ಬನನ್ನು ತಂದೆಯ ತೊಡೆಯಿಂದ ಇಳಿಸುತ್ತಾರೆ, ಒಬ್ಬನನ್ನು ಹಾವು ಕಚ್ಚುತ್ತದೆ, ಇನ್ನೊಬ್ಬನನ್ನು ಹೆತ್ತವರೇ ಅಡುಗೆ ಮಾಡಿ ಬಡಿಸಬೇಕಾಗುತ್ತದೆ. ಮಗು ಕಷ್ಟಪಡುತ್ತದೆ, ದೇವರನ್ನು ಕರೆಯುತ್ತದೆ, ಕರುಳು ಕಿತ್ತುಬರುವ ಹಾಡು ಹಾಡುತ್ತದೆ. ಬೆಣ್ಣೆ ಕದಿಯುವ ಬಾಲಕೃಷ್ಣನೊಬ್ಬನೇ ಇದಕ್ಕೆ ಹೊರತು. ನಗೆ ಬೇಕಾದಾಗ ಕಂಪನಿಯ ಹಾಸ್ಯನಟ ಬೇರೆಯೇ ದೃಶ್ಯದಲ್ಲಿ ಬಂದು, ಮೂಲಕಥೆಗೆ ಸಂಬಂಧವಿಲ್ಲದ ಪ್ರಸಂಗವೊಂದನ್ನು ನಡೆಸಿ ಹೋಗುತ್ತಿದ್ದ. ಅವನು ಆಡುತ್ತಿದ್ದುದು ಹುಬ್ಬಳ್ಳಿ-ಧಾರವಾಡದ ಆಡುಮಾತು. ಪ್ರಹ್ಲಾದ ಆಡುತ್ತಿದ್ದುದು ಪುಸ್ತಕದ ಕನ್ನಡ. ಮುಂದೆ ಸಾಮಾಜಿಕ ನಾಟಕಗಳು ಬಂದವು, ಕುಂದಗೋಳ ತಾಲೂಕಿನ ಗುಡಗೇರಿಯ ಹೆಸರು ಹೊತ್ತ ಗುಡಗೇರಿ ಬಸವರಾಜ ಅವರ ಕಂಪನಿಯಂಥವು ಜಾತ್ರೆಗಳಲ್ಲಿ ಟೆಂಟು ಹೊಡೆದು ಜನರನ್ನು ತುಂಬಿಸಿದವು. ಆಗಲೂ ಮನೆಯ ಮಗು ಜಗಳವಾಡುವ ತಂದೆತಾಯಿಗಳ ನಡುವೆ ಅಳುವ ಮಗುವಾಗಿಯೇ ಹೆಚ್ಚು ಕಾಣಿಸಿತು.

ಚಲನಚಿತ್ರ ಈ ಅಭ್ಯಾಸವನ್ನೇ ಮುಂದುವರಿಸಿತು, ಆದರೆ ಅದಕ್ಕೆ ಹೊಸ ಆಳ ತಂದುಕೊಟ್ಟಿತು. ಅತ್ಯುತ್ತಮ ಬಾಲನಟ ರಾಷ್ಟ್ರಪ್ರಶಸ್ತಿ ಪಡೆದ ಕನ್ನಡ ಪಾತ್ರಗಳನ್ನು ಸಾಲಾಗಿ ಇಟ್ಟರೆ ವಿಷಯ ತಾನೇ ಸ್ಪಷ್ಟವಾಗುತ್ತದೆ. ಗಿರೀಶ ಕಾಸರವಳ್ಳಿಯವರ ‘ಘಟಶ್ರಾದ್ಧ’ದಲ್ಲಿ (1977) ಬಹಿಷ್ಕಾರದ ಕ್ರೌರ್ಯಕ್ಕೆ ಸಾಕ್ಷಿಯಾಗುವ ನಾಣಿ, ಎನ್. ಲಕ್ಷ್ಮೀನಾರಾಯಣ ಅವರ ‘ಬೆಟ್ಟದ ಹೂವು’ (1985) ಚಿತ್ರದಲ್ಲಿ ರಾಮಾಯಣದ ಪುಸ್ತಕಕ್ಕೆ ಹಂಬಲಿಸುತ್ತಲೇ ಮನೆಯ ಬಡತನದ ಹೊರೆಗೆ ಹೆಗಲು ಕೊಡುವ ರಾಮು, ಅಂದರೆ ಬಾಲಕ ಪುನೀತ್ ರಾಜ್‌ಕುಮಾರ್, ಕುಂ. ವೀರಭದ್ರಪ್ಪನವರ ಕಥೆ ಆಧರಿಸಿ ನಾಗತಿಹಳ್ಳಿ ಚಂದ್ರಶೇಖರ ನಿರ್ದೇಶಿಸಿದ ‘ಕೊಟ್ರೇಶಿ ಕನಸು’ (1994) ಚಿತ್ರದಲ್ಲಿ ಓದಬೇಕೆಂಬ ಆಸೆಯ ದಲಿತ ಹುಡುಗನಾಗಿ ವಿಜಯ ರಾಘವೇಂದ್ರ. ಮೂವರೂ ಅಪೂರ್ವ ನಟನೆ ಕೊಟ್ಟರು. ಆದರೆ ಮಗುವಿನ ನಗುವನ್ನು ನಟನೆಯೆಂದು ಗುರುತಿಸಲು ತೀರ್ಪುಗಾರರಿಗೆ ಬಹಳ ವರ್ಷ ಬೇಕಾಯಿತು. ತನ್ನ ಕಳೆದುಹೋದ ಆಕಳನ್ನು ಹುಡುಕಿ ಹೊರಡುವ ಪುಟ್ಟ ಹುಡುಗನ ಕಥೆ ‘ಒಂದಲ್ಲಾ ಎರಡಲ್ಲಾ’ (2018, ನಿರ್ದೇಶನ ಡಿ. ಸತ್ಯಪ್ರಕಾಶ್) ಚಿತ್ರದ ಪಿ.ವಿ. ರೋಹಿತ್ ಅದೇ ಪ್ರಶಸ್ತಿಯನ್ನು ಹಂಚಿಕೊಂಡಾಗ ತಿಳಿಹಾಸ್ಯದ ಬಾಲಪಾತ್ರಕ್ಕೂ ಆ ಮನ್ನಣೆ ಬಂದಂತಾಯಿತು. ನಡುವೆ ಜನಪ್ರಿಯ ಚಿತ್ರಗಳಲ್ಲಿ ಹಾಸ್ಯದ ಬಾಲನಟನಿಗೆ ಜಾಗ ಸಿಕ್ಕಿತ್ತು. ಫಣಿ ರಾಮಚಂದ್ರರ ‘ಗೌರಿ ಗಣೇಶ’ದಲ್ಲಿ (1991) ಅನಂತನಾಗ್ ಎದುರು ಸರಿಸಾಟಿಯಾಗಿ ನಿಂತ ಮಾಸ್ಟರ್ ಆನಂದ್ ಅದಕ್ಕೆ ಒಳ್ಳೆಯ ನಿದರ್ಶನ.

ಕಿರುತೆರೆಯ ಮನೆಮಂದಿ ಹಾಸ್ಯದಲ್ಲಿ ಕನ್ನಡ ಹುಡುಗನೊಬ್ಬ ದೇಶಕ್ಕೇ ಪರಿಚಿತನಾದದ್ದು ‘ಮಾಲ್ಗುಡಿ ಡೇಸ್’ನಿಂದ. ಆರ್.ಕೆ. ನಾರಾಯಣರ ಕಥೆಗಳನ್ನು ಶಂಕರನಾಗ್ ಆಗುಂಬೆಯಲ್ಲಿ ಚಿತ್ರೀಕರಿಸಿದರು. 1986ರಲ್ಲಿ ದೂರದರ್ಶನ ಪ್ರಸಾರ ಮಾಡಿತು. ಸ್ವಾಮಿಯಾದವನು ಮಾಸ್ಟರ್ ಮಂಜುನಾಥ್. ತಂದೆ ಗಿರೀಶ ಕಾರ್ನಾಡ, ತಾಯಿ ವೈಶಾಲಿ ಕಾಸರವಳ್ಳಿ. ಕಾರ್ನಾಡರು ಧಾರವಾಡದಲ್ಲಿ ಓದಿ ಬೆಳೆದವರು, ಕಂಪನಿ ನಾಟಕಗಳ ನೆರಳಿನಲ್ಲಿ ರಂಗಭೂಮಿಯ ರುಚಿ ಕಂಡವರು. ಆ ಧಾರಾವಾಹಿಯಲ್ಲಿ ಅವರು ಗದರಿದಾಗೆಲ್ಲ ಸ್ವಾಮಿಯ ಮುಖದಲ್ಲಿ ಹಾಸ್ಯ ಹುಟ್ಟುತ್ತದೆ. ಧೈರ್ಯವಿದ್ದರೆ ಕೋಣೆಯಲ್ಲಿ ಒಬ್ಬನೇ ಮಲಗು ಎಂದು ತಂದೆ ಸವಾಲು ಹಾಕುತ್ತಾರೆ. ಹುಡುಗ ಹೆದರಿ ಬೆಂಚಿನ ಕೆಳಗೆ ಮುದುಡಿ, ಭೂತವೆಂದು ತಿಳಿದು ಕಳ್ಳನ ಕಾಲು ಕಚ್ಚಿ, ಬೆಳಗಾಗುವಷ್ಟರಲ್ಲಿ ಊರಿಗೇ ವೀರನಾಗುತ್ತಾನೆ. ಮಂಜುನಾಥ್ ಇಲ್ಲಿ ನಗಿಸಲು ಯತ್ನಿಸುವುದೇ ಇಲ್ಲ. ಅವನ ಭಯ ಪೂರ್ತಿ ನಿಜ, ಆದ್ದರಿಂದ ನಮಗೆ ಪೂರ್ತಿ ನಗೆ. ಬಾಲನಟನ ಹಾಸ್ಯದ ಗುಟ್ಟು ಇದಕ್ಕಿಂತ ಸ್ಪಷ್ಟವಾಗಿ ಬೇರೆಲ್ಲೂ ಕಾಣದು. ಒಂದು ಕೊರತೆಯನ್ನೂ ಹೇಳಬೇಕು: ಧಾರಾವಾಹಿ ತಯಾರಾದದ್ದು ಹಿಂದಿ, ಇಂಗ್ಲಿಷಿನಲ್ಲಿ. ಕನ್ನಡ ನೆಲದ, ಕನ್ನಡ ತಂಡದ, ಕನ್ನಡದ ಹುಡುಗನ ಅತ್ಯಂತ ಪ್ರಸಿದ್ಧ ಹಾಸ್ಯಪಾತ್ರ ಆಗ ಕನ್ನಡದಲ್ಲಿ ಮಾತಾಡಲಿಲ್ಲ.

ಮಗುವಿನ ಬಾಯಿಗೆ ಮಗುವಿನದೇ ಮಾತು ಕೊಟ್ಟರೆ ಏನಾಗುತ್ತದೆ ಎಂಬುದಕ್ಕೆ ಬ್ರಿಟನ್ನಿನ ಒಂದು ಧಾರಾವಾಹಿ ಉಪಯುಕ್ತ ಉದಾಹರಣೆ. ಬಿಬಿಸಿಯಲ್ಲಿ 2007ರಿಂದ 2014ರವರೆಗೆ ಐದು ಸರಣಿಗಳಲ್ಲಿ ಬಂದ ‘ಔಟ್‌ನಂಬರ್ಡ್’ ಲಂಡನ್ನಿನ ಬ್ರಾಕ್‌ಮನ್ ಎಂಬ ಮಧ್ಯಮವರ್ಗದ ಕುಟುಂಬದ ಕಥೆ. ತಂದೆತಾಯಿಯಾಗಿ ಹ್ಯೂ ಡೆನಿಸ್, ಕ್ಲೇರ್ ಸ್ಕಿನ್ನರ್. ಮೂವರು ಮಕ್ಕಳಾಗಿ ಟೈಗರ್ ಡ್ರೂ-ಹನಿ, ಡೇನಿಯಲ್ ರೋಶ್, ರಮೋನಾ ಮಾರ್ಕೆಜ್. ಬರೆದು ನಿರ್ದೇಶಿಸಿದ ಆಂಡಿ ಹ್ಯಾಮಿಲ್ಟನ್ ಮತ್ತು ಗೈ ಜೆಂಕಿನ್ ದೊಡ್ಡವರಿಗೆ ಬರೆದ ಮಾತು ಕೊಟ್ಟರು. ಮಕ್ಕಳಿಗೆ ಬಾಯಿಪಾಠ ಮಾಡಿಸಲಿಲ್ಲ; ಚಿತ್ರೀಕರಣದ ಹೊತ್ತಿಗೆ ದೃಶ್ಯದ ಸಂದರ್ಭ ತಿಳಿಸಿ, ಒಂದೆರಡು ಸುಳಿವು ಕೊಟ್ಟು, ಉಳಿದದ್ದನ್ನು ಅವರ ನಾಲಗೆಗೆ ಬಿಟ್ಟರು. ಕಿರಿಯ ಮಗಳು ಕ್ಯಾರನ್ ಪಾತ್ರದ ರಮೋನಾ ಆರಂಭದಲ್ಲಿ ಆರೇಳು ವರ್ಷದವಳು. ಎಲ್ಲಕ್ಕೂ ‘ಯಾಕೆ’ ಎನ್ನುವ, ಉತ್ತರದಲ್ಲಿನ ಬಿರುಕನ್ನು ಹಿಡಿದೇ ತೀರುವ ಆ ಪಾತ್ರಕ್ಕಾಗಿ 2009ರ ಬ್ರಿಟಿಷ್ ಕಾಮಿಡಿ ಪ್ರಶಸ್ತಿಗಳಲ್ಲಿ ಹೊಸ ಹಾಸ್ಯನಟಿಯ ಗೌರವ ಪಡೆದಳು. ತೆರೆಯ ಮೇಲಿನ ತಂದೆತಾಯಿ ಮಗಳ ಪ್ರಶ್ನೆಗೆ ತಬ್ಬಿಬ್ಬಾಗುವುದು ಹಲವು ಕಡೆ ನಟನೆಯಷ್ಟೇ ಆಗಿರಲಿಲ್ಲ, ಏಕೆಂದರೆ ಮುಂದಿನ ಮಾತು ಅವರಿಗೂ ಗೊತ್ತಿರಲಿಲ್ಲ. ದೊಡ್ಡಾಟದ ಸಾರಥಿಗಿದ್ದ ಸ್ವಾತಂತ್ರ್ಯ ಇಲ್ಲಿ ಮಗುವಿಗೆ ಸಿಕ್ಕಿದೆ. ನಮ್ಮ ಸೀಮೆಗೆ ಈ ಪದ್ಧತಿ ಪರಕೀಯವಲ್ಲ. ಅದನ್ನು ಮಕ್ಕಳ ಕೈಗೆ ಕೊಡುವುದಷ್ಟೇ ಬಾಕಿಯಿತ್ತು.

ಆ ಕೆಲಸ ಮಾಡಿದ ಚಿತ್ರ ‘ಪುಟಾಣಿ ಪಾರ್ಟಿ’ (2009). ಪುಣೆಯ ಚಲನಚಿತ್ರ ಸಂಸ್ಥೆಯಲ್ಲಿ ಕಲಿತ, ಮೊದಲು ತುಳುವಿನಲ್ಲಿ ‘ಸುದ್ದ’ ಮಾಡಿದ್ದ ರಾಮಚಂದ್ರ ಪಿ.ಎನ್. ಇದರ ನಿರ್ದೇಶಕರು, ನಿರ್ಮಿಸಿದ್ದು ಭಾರತೀಯ ಮಕ್ಕಳ ಚಲನಚಿತ್ರ ಸಂಸ್ಥೆ. ಕಥೆ ನಡೆಯುವುದು ಹೊನ್ನಾಪುರವೆಂಬ ಹಳ್ಳಿಯಲ್ಲಿ. ಅಲ್ಲಿನ ಪಂಚಾಯಿತಿಗೆ ಮಕ್ಕಳದೇ ಒಂದು ಸಮಿತಿಯಿದೆ. ದೊಡ್ಡವರ ಪಾಲಿಗೆ ಅದು ಹೆಸರಿಗೊಂದು ಸಮಿತಿ. ಮಕ್ಕಳು ಅದನ್ನು ನಿಜವೆಂದೇ ನಂಬುತ್ತಾರೆ, ಊರಿನ ಸಮಸ್ಯೆಗಳನ್ನು ಎತ್ತುತ್ತಾರೆ, ಹಿರಿಯರ ಕಾಲಿಗೆ ತೊಡರಾಗುತ್ತಾರೆ. ಚಿತ್ರೀಕರಣ ನಡೆದದ್ದು ಧಾರವಾಡ ಸೀಮೆಯಲ್ಲಿ, ಮಕ್ಕಳ ಪಾತ್ರ ಮಾಡಿದವರೂ ಇಲ್ಲಿನವರೇ. 57ನೇ ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿಗಳಲ್ಲಿ ಅತ್ಯುತ್ತಮ ಮಕ್ಕಳ ಚಿತ್ರವೆಂಬ ಗೌರವವನ್ನು ಇದು ಮಲಯಾಳದ ‘ಕೇಶು’ ಜೊತೆ ಹಂಚಿಕೊಂಡಿತು.

ಚಿತ್ರದ ಹಾಸ್ಯಕ್ಕೆ ಎರಡು ಬೇರುಗಳಿವೆ. ಒಂದು, ಸಭೆ ನಡೆಸುವ ಮಕ್ಕಳ ಗಾಂಭೀರ್ಯ. ಠರಾವು, ಅಧ್ಯಕ್ಷರು, ಸದಸ್ಯರು ಎಂಬ ದೊಡ್ಡವರ ಆಡಳಿತವೆಲ್ಲ ಎಳೆಯರ ಕೈಗೆ ಬಂದಾಗ ಅದರ ಹುಸಿತನ ತಾನಾಗಿಯೇ ಬಯಲಾಗುತ್ತದೆ. ಇನ್ನೊಂದು, ಮಾತು. ಧಾರವಾಡದ ಕೂಸು ಗೆಳೆಯನನ್ನು ‘ಏನಲೇ’ ಎನ್ನುತ್ತದೆ, ಮಾಸ್ತರರಿಗೆ ‘ಹೌದ್ರಿ’ ಎನ್ನುತ್ತದೆ. ಒಂದೇ ಉಸಿರಿನಲ್ಲಿ ಸಲಿಗೆಯಿಂದ ಮರ್ಯಾದೆಗೆ ಜಿಗಿಯುತ್ತದೆ. ಈ ಜಿಗಿತದ ವೇಗವನ್ನು ಬೇರೆ ಊರಿನ ಮಗುವಿಗೆ ಕಲಿಸಿ ತರಲಾಗದು. ಕ್ಯಾಮೆರಾ ಎದುರು ಈ ಮಕ್ಕಳು ಅಂಜದೆ ಮಾತಾಡುವುದಕ್ಕೆ ಅವರಿಗೆ ಬೇರೆ ಕನ್ನಡವನ್ನು ತೊಡಿಸದೆ ಇದ್ದದ್ದೇ ದೊಡ್ಡ ಕಾರಣ. ಮಕ್ಕಳ ಗ್ರಾಮಸಭೆ ಕರ್ನಾಟಕದ ಪಂಚಾಯಿತಿಗಳಲ್ಲಿ ನಿಜವಾಗಿಯೂ ನಡೆಯುವಂಥದ್ದು. ಹೀಗಾಗಿ ಪಾತ್ರಗಳಿಗೂ ಪಾತ್ರಧಾರಿಗಳ ಬದುಕಿಗೂ ನಡುವೆ ಅಂತರ ಕಡಿಮೆ. ಪ್ರಶಸ್ತಿ ಬಂದರೂ ಚಿತ್ರ ಚಿತ್ರಮಂದಿರಗಳಲ್ಲಿ ಮನೆಮಾತಾಗಲಿಲ್ಲ. ಮಕ್ಕಳ ಚಿತ್ರಗಳಿಗೆ ಹಂಚಿಕೆಯ ಜಾಲವೇ ಇಲ್ಲದ ನಾಡಿನಲ್ಲಿ ಇದು ಚಿತ್ರದ ತಪ್ಪಲ್ಲ. ಧಾರವಾಡ ಜಿಲ್ಲೆಯ ಪ್ರತಿ ಪ್ರೌಢಶಾಲೆಯಲ್ಲಿ ವರ್ಷಕ್ಕೊಮ್ಮೆಯಾದರೂ ಇದನ್ನು ತೋರಿಸಬೇಕು ಎಂಬುದು ಈ ಲೇಖಕನ ದೃಢ ಅಭಿಪ್ರಾ​ಯ.

ಮಕ್ಕಳು ತಮ್ಮೂರಿನ ಮಾತನ್ನೇ ಆಡಿದರೆ ಹಾಸ್ಯ ಗೆಲ್ಲುತ್ತದೆ ಎಂಬುದನ್ನು ನಾಡಿನ ಇನ್ನೊಂದು ಅಂಚಿನಿಂದ ‘ಸರ್ಕಾರಿ ಹಿ. ಪ್ರಾ. ಶಾಲೆ ಕಾಸರಗೋಡು, ಕೊಡುಗೆ: ರಾಮಣ್ಣ ರೈ’ (2018) ಸಾಬೀತುಪಡಿಸಿತು. ರಿಷಬ್ ಶೆಟ್ಟಿ ನಿರ್ದೇಶಿಸಿದ ಈ ಚಿತ್ರದಲ್ಲಿ ಕೇರಳದ ಗಡಿಯೊಳಗಿನ ಕನ್ನಡ ಶಾಲೆಗೆ ಕನ್ನಡ ಬಾರದ ಮಲಯಾಳಿ ಮಾಸ್ತರರು ಬರುತ್ತಾರೆ. ಮಕ್ಕಳು ಶಾಲೆ ಉಳಿಸಿಕೊಳ್ಳಲು ಹೊರಡುತ್ತಾರೆ. ಆ ಭಾಗದ ಕನ್ನಡವನ್ನೇ ಆಡುವ ಮಕ್ಕಳ ದಂಡು ರಾಜ್ಯದ ಎಲ್ಲ ಕಡೆ ಜನರನ್ನು ನಗಿಸಿತು. ಅದೂ 66ನೇ ರಾಷ್ಟ್ರೀಯ ಪ್ರಶಸ್ತಿಗಳಲ್ಲಿ ಅತ್ಯುತ್ತಮ ಮಕ್ಕಳ ಚಿತ್ರವಾಯಿತು. ಎರಡು ಚಿತ್ರಗಳಲ್ಲೂ ನಾಯಕನಿಲ್ಲ, ಗುಂಪಿದೆ. ಎರಡರಲ್ಲೂ ಸರ್ಕಾರವೆಂಬ ದೊಡ್ಡ ಯಂತ್ರದ ಎದುರು ಮಕ್ಕಳ ನೇರ ಪ್ರಶ್ನೆಯಿದೆ. ವ್ಯತ್ಯಾಸವೆಂದರೆ ಕಾಸರಗೋಡಿನ ಮಕ್ಕಳಿಗೆ ಅನಂತನಾಗ್ ಎಂಬ ಜನಪ್ರಿಯ ನಟರ ಬಲವೂ ಚಿತ್ರಮಂದಿರಗಳ ಬಾಗಿಲೂ ಸಿಕ್ಕಿದವು.

ಖಾಸಗಿ ವಾಹಿನಿಗಳ ಧಾರಾವಾಹಿಗಳಲ್ಲಿ ಮಗುವಿನ ಪಾತ್ರ ಮತ್ತೆ ಕಣ್ಣೀರಿಗೆ ಮರಳಿತು. ಹಿಂದಿಯ ‘ಬಾಲಿಕಾ ವಧು’ ಆಧರಿಸಿ 2012ರಲ್ಲಿ ಶುರುವಾದ ‘ಪುಟ್ಟಗೌರಿ ಮದುವೆ’ಯ ಬಾಲವಧು ನಮ್ಮ ಹಳ್ಳಿಮನೆಗಳಲ್ಲಿ ಸಂಜೆಯ ಅಡುಗೆಯ ಹೊತ್ತನ್ನೇ ಬದಲಿಸಿದಳು. ಹಾಸ್ಯದ ಬಾಗಿಲು ತೆರೆದದ್ದು ಜೀ ಕನ್ನಡದ ‘ಡ್ರಾಮಾ ಜೂನಿಯರ್ಸ್’ (2016). ಅದರ ನಿರೂಪಕ ಮಾಸ್ಟರ್ ಆನಂದ್, ತೀರ್ಪುಗಾರರಲ್ಲಿ ಒಬ್ಬರು ವಿಜಯ ರಾಘವೇಂದ್ರ. ಹಿಂದಿನ ಬಾಲನಟರಿಬ್ಬರು ಮುಂದಿನ ತಲೆಮಾರಿನ ಎದುರು ಕೂತಿದ್ದರು. ಪೌರಾಣಿಕದಿಂದ ಕಚಗುಳಿಯ ಪ್ರಹಸನದವರೆಗೆ ಎಲ್ಲವನ್ನೂ ಮಕ್ಕಳೇ ಆಡಿದರು. ಜಿಲ್ಲೆ ಜಿಲ್ಲೆಗಳಲ್ಲಿ ಆಯ್ಕೆ ಸುತ್ತು ನಡೆಸಿ ಹಳ್ಳಿಯ ಮಕ್ಕಳನ್ನು ಒಳಗೆ ಕರೆದದ್ದು ಇಂಥ ಕಾರ್ಯಕ್ರಮಗಳ ದೊಡ್ಡ ಸಾಧನೆ. ಆದರೆ ಅಲ್ಲಿನ ಹಾಸ್ಯದ ಬರವಣಿಗೆ ಬಹುಪಾಲು ದೊಡ್ಡವರದು. ಮಗು ದೊಡ್ಡವರ ಚಾಟಿಮಾತನ್ನು ಒಪ್ಪಿಸಿದಾಗ ನಾವು ನಗುವುದು ಮಗುವಿನ ಜಾಣತನಕ್ಕೆ, ಅದರ ಪಾತ್ರಕ್ಕಲ್ಲ. ಉತ್ತರ ಕರ್ನಾಟಕದ ಮಗು ಬಂದಾಗ ಇನ್ನೊಂದು ತೊಡಕೂ ಇದೆ. ಅದರ ಮಾತಿನ ಧಾಟಿಯನ್ನೇ ನಗೆಯ ವಸ್ತು ಮಾಡುವುದು ಸುಲಭ. ಆ ಧಾಟಿಯಲ್ಲಿ ಒಬ್ಬ ಹುಡುಗ ಏನು ಯೋಚಿಸುತ್ತಾನೆ, ಯಾರ ಮೇಲೆ ಮುನಿಯುತ್ತಾನೆ, ಅಜ್ಜಿಯ ಹತ್ತಿರ ಏನನ್ನು ಮುಚ್ಚಿಡುತ್ತಾನೆ ಎಂದು ಬರೆಯುವುದು ಕಷ್ಟ. ಕಷ್ಟದ ದಾರಿಯನ್ನು ಹಿಡಿದ ಬರಹಗಾರರು ಕಿರುತೆರೆಯಲ್ಲಿ ಇನ್ನೂ ವಿರಳ.

ದೂರವೂ ಒಂದು ತಡೆಯೇ. ಧಾರಾವಾಹಿಗಳ ಚಿತ್ರೀಕರಣ ಹೆಚ್ಚಾಗಿ ಬೆಂಗಳೂರಿನ ಸುತ್ತಮುತ್ತ ನಡೆಯುತ್ತದೆ. ನವಲಗುಂದದಿಂದ ಅಲ್ಲಿಗೆ ನಾಲ್ಕುನೂರು ಕಿಲೋಮೀಟರಿಗೂ ಹೆಚ್ಚು. ಮಗುವಿನ ಜೊತೆ ತಾಯಿಯೋ ತಂದೆಯೋ ಹೊಲಮನೆ ಬಿಟ್ಟು ತಿಂಗಳುಗಟ್ಟಲೆ ಬಾಡಿಗೆ ಕೋಣೆಯಲ್ಲಿ ಇರಬೇಕಾಗುತ್ತದೆ. ಹೀಗಾಗಿ ನಿತ್ಯ ಧಾರಾವಾಹಿಯ ಮನೆಯ ಮಗು ಬಹುತೇಕ ಬೆಂಗಳೂರಿನದೇ ಮಗು. ಹಳ್ಳಿಯ ಮಗುವಿಗೆ ಉಳಿಯುವುದು ಕೆಲವು ವಾರಗಳ ಸ್ಪರ್ಧೆ. ಇತ್ತೀಚೆಗೆ ಮೊಬೈಲಿನಲ್ಲಿ ಊರಲ್ಲೇ ಚಿತ್ರಿಸಿ ಹಾಕುವ ಹಾಸ್ಯದ ವಿಡಿಯೊಗಳು ಈ ದೂರವನ್ನು ಅಳಿಸಿವೆ. ಎತ್ತಿನ ಕೊಟ್ಟಿಗೆ, ಕಟ್ಟೆ, ಕಿರಾಣಿ ಅಂಗಡಿಯ ಮುಂದೆ ನಡೆಯುವ ಈ ಚಿಕ್ಕ ಪ್ರಸಂಗಗಳಲ್ಲಿ ಮಕ್ಕಳು ಸಣ್ಣಾಟದ ಆಶುಮಾತಿನ ಸಹಜತೆಯಿಂದ ಬೆರೆಯುತ್ತಾರೆ.

ಕಾನೂನಿನ ರಕ್ಷಣೆ ನಮ್ಮಲ್ಲಿ ಈಚಿನದು. ಕಂಪನಿಯ ಕಾಲದ ಹುಡುಗನಿಗೆ ಏನೂ ಇರಲಿಲ್ಲ. ಬ್ರಿಟನ್ನಿನಲ್ಲಿ 1933 ಮತ್ತು 1963ರ ಕಾಯ್ದೆಗಳ ಆಧಾರದಲ್ಲಿ ಬಾಲನಟರಿಗೆ ಸ್ಥಳೀಯ ಆಡಳಿತದ ಪರವಾನಗಿ ಬೇಕು, ಮೇಲ್ವಿಚಾರಣೆಗೆ ಒಪ್ಪಿಗೆ ಪಡೆದ ಪಾಲಕರು ಜೊತೆಗಿರಬೇಕು. ಭಾರತದಲ್ಲಿ 1986ರ ಬಾಲಕಾರ್ಮಿಕ ಕಾಯ್ದೆಗೆ 2016ರಲ್ಲಿ ತಂದ ತಿದ್ದುಪಡಿ 14 ವರ್ಷದೊಳಗಿನವರ ದುಡಿಮೆಯನ್ನು ನಿಷೇಧಿಸುತ್ತಲೇ, ಶಾಲೆಗೆ ಧಕ್ಕೆಯಾಗದಂತೆ ಸಿನಿಮಾ, ಧಾರಾವಾಹಿ, ಜಾಹೀರಾತುಗಳಲ್ಲಿ ಕಲಾವಿದರಾಗಲು ಅವಕಾಶ ಇಟ್ಟಿತು. ಸರ್ಕಸ್ಸಿಗೆ ಆ ಅವಕಾಶವಿಲ್ಲ. 2017ರ ನಿಯಮಗಳ ಪ್ರಕಾರ ಮಗು ದಿನಕ್ಕೆ ಐದು ತಾಸಿಗಿಂತ ಹೆಚ್ಚು, ವಿಶ್ರಾಂತಿಯಿಲ್ಲದೆ ಮೂರು ತಾಸಿಗಿಂತ ಹೆಚ್ಚು ಕೆಲಸ ಮಾಡುವಂತಿಲ್ಲ. ಸತತ 27 ದಿನ ಮೀರುವಂತಿಲ್ಲ. ಚಿತ್ರೀಕರಣ ನಡೆಯುವ ಜಿಲ್ಲೆಯ ದಂಡಾಧಿಕಾರಿಗಳ ಅನುಮತಿ ಬೇಕು. ಐದು ಮಕ್ಕಳಿಗೆ ಒಬ್ಬರಂತೆ ಜವಾಬ್ದಾರರನ್ನು ನೇಮಿಸಬೇಕು. ಗಳಿಕೆಯಲ್ಲಿ ಕನಿಷ್ಠ ಶೇಕಡ 20ರಷ್ಟನ್ನು ರಾಷ್ಟ್ರೀಕೃತ ಬ್ಯಾಂಕಿನಲ್ಲಿ ಮಗುವಿನ ಹೆಸರಿಗೆ ಠೇವಣಿ ಇಡಬೇಕು. ಬೆಳಗಾಗುವವರೆಗೆ ಆಟ ಆಡಿ ಅಪ್ಪನ ಕೈಗೆ ಸಂಬಳ ಕಳಿಸಿದ ಹುಡುಗರನ್ನು ನೆನೆದರೆ ಈ ಒಂದೊಂದು ಸಾಲಿನ ಬೆಲೆಯೂ ತಿಳಿಯುತ್ತದೆ. ಮನೆಯವರೇ ತೆಗೆಯುವ ಮೊಬೈಲ್ ವಿಡಿಯೊಗಳಲ್ಲಿ ಮಾತ್ರ ನಿರ್ಮಾಪಕರೂ ಪಾಲಕರೂ ಒಬ್ಬರೇ. ಆ ಮನೆಯಂಗಳದಲ್ಲಿ ತಾಸು ಎಣಿಸುವವರು, ಗಳಿಕೆಯ ಪಾಲು ಕೇಳುವವರು ಇಲ್ಲ. ಮುಂದಿನ ವರ್ಷಗಳಲ್ಲಿ ಬಾಲನಟರ ಹಿತ ಕಾಯುವವರು ಮೊದಲು ನೋಡಬೇಕಾದ ಜಾಗ ಅದು.

ತರಬೇತಿಯ ವಿಷಯದಲ್ಲಿ ಧಾರವಾಡ ನಗರ ಭಾಗ್ಯವಂತ. ಗರುಡ ಸದಾಶಿವರಾಯರ ಮನೆತನದ ಪ್ರಕಾಶ ಗರುಡ ಮತ್ತು ರಜನಿ ಗರುಡ ‘ಗೊಂಬೆಮನೆ’ಯ ಮೂಲಕ ಗೊಂಬೆಯಾಟವನ್ನೂ ಮಕ್ಕಳ ರಂಗಭೂಮಿಯನ್ನೂ ಬೆಳೆಸಿದ್ದಾರೆ, ಕಂಪನಿಯ ಮನೆತನವೊಂದು ಮಕ್ಕಳ ಆಟಕ್ಕೆ ಹೀಗೆ ತಿರುಗಿಕೊಂಡದ್ದು ಈ ಸೀಮೆಯ ರಂಗಚರಿತ್ರೆಯ ಒಳ್ಳೆಯ ಅಧ್ಯಾಯ. ನಗರದ ರಂಗಾಯಣ ನಾಟಕ ಸಂಸ್ಥೆ ಬೇಸಿಗೆಯಲ್ಲಿ ಮಕ್ಕಳ ಶಿಬಿರ ನಡೆಸುತ್ತದೆ. ಬಿ.ವಿ. ಕಾರಂತರ ‘ಪಂಜರ ಶಾಲೆ’, ‘ಹೆಡ್ಡಾಯಣ’ಗಳ ಪರಂಪರೆಯಲ್ಲಿ ಬಂದ ಇಂಥ ಶಿಬಿರಗಳು ಬಾಯಿಪಾಠಕ್ಕಿಂತ ಆಟಕ್ಕೆ, ಗುಂಪಿಗೆ, ಮಗು ತಾನೇ ಕಟ್ಟುವ ಮಾತಿಗೆ ಒತ್ತು ಕೊಡುತ್ತವೆ. ಕಲಘಟಗಿ, ನವಲಗುಂದ, ಅಣ್ಣಿಗೇರಿಗಳ ಒಳಹಳ್ಳಿಯ ಮಗುವಿಗೆ ಮೊದಲ ರಂಗ ಇಂದಿಗೂ ಶಾಲೆಯ ಗ್ಯಾದರಿಂಗು. ಅಲ್ಲಿ ಯಾವ ನಾಟಕ ಆಡಿಸಬೇಕು, ಮಕ್ಕಳು ಯಾವ ಕನ್ನಡ ಆಡಬೇಕು ಎಂದು ನಿರ್ಧರಿಸುವವರು ಮಾಸ್ತರರು ಮತ್ತು ಅಕ್ಕೋರು. ರಂಗಶಿಕ್ಷಣ ಪಡೆದ ನಾಟಕ ಶಿಕ್ಷಕರು ಸರ್ಕಾರಿ ಪ್ರೌಢಶಾಲೆಗಳಲ್ಲಿ ಇದ್ದಾರೆ, ಆದರೆ ಬೆರಳೆಣಿಕೆಯಷ್ಟು. ಅಂಥವರಿರುವ ಶಾಲೆಯ ಮಕ್ಕಳು ತಮ್ಮೂರಿನ ಬಸ್ಸು, ಸಂತೆ, ಪಂಚಾಯಿತಿ ಕಟ್ಟೆಯನ್ನೇ ವಸ್ತುವಾಗಿಸಿ ಹದಿನೈದು ನಿಮಿಷದ ಹಾಸ್ಯ ನಾಟಕ ಕಟ್ಟುತ್ತಾರೆ, ತಾವೇ ಮಾತು ಹೆಣೆಯುತ್ತಾರೆ. ಉಳಿದ ಕಡೆ ಸಿನಿಮಾ ಹಾಡಿಗೆ ಕುಣಿತವಿರುತ್ತದೆ.